ದೂರದ ಯಂತ್ರದ ಗ್ರೇಸ್ ಪರದೆಗೆ ಬರುತ್ತಿಲ್ಲ: ‘ಕಾಂಟ್ ಓಪನ್ ಡಿಸ್‌ಪ್ಲೇ’, ಮೋಟಿಫ್ ದೋಷ, ಫಾಂಟ್ ತೊಂದರೆ

ಹೊಸಗೆರೆ:
ಎಲ್ಲರಿಗೂ ನಮಸ್ಕಾರ. ಲ್ಯಾಬ್ ಯಂತ್ರದಲ್ಲಿರುವ ಡೇಟಾವನ್ನು ಗ್ರಾಫ್ ಬಿಡಿಸುವ ಪ್ರೋಗ್ರಾಂ ಗ್ರೇಸ್ 5.1.25ರಲ್ಲಿ ಪ್ಲಾಟ್ ಮಾಡಬೇಕು. ಲ್ಯಾಬ್ ಯಂತ್ರ ಡೆಬಿಯನ್ 13, ಅಲ್ಲಿ ನನಗೆ ರೂಟ್ (ಅಡ್ಮಿನ್‌ನ) ಅನುಮತಿ ಇಲ್ಲ. ಲ್ಯಾಪ್‌ಟಾಪ್ ಉಬುಂಟು 24.04, ಗ್ನೋಮ್, ವೇಲ್ಯಾಂಡ್ ಸೆಷನ್, 2880×1800 ಪರದೆ. ಎರಡು ಕಡೆ ಸಿಕ್ಕಿಕೊಂಡಿದೆ.

ಒಂದು, ಸೋರ್ಸ್ ಇಳಿಸಿ ಕಾನ್ಫಿಗರ್ ಓಡಿಸಿದರೆ ‘ಎಂ*ಟಿಫ್ ಹ್ಯಾಸ್ ನಾಟ್ ಬೀನ್ ಫೌಂಡ್’ ಅಂತ ನಿಲ್ಲುತ್ತದೆ. ಆದರೆ ಮೆನು, ಬಟನ್ ಬಿಡಿಸುವ ಮೋಟಿಫ್ ಲೈಬ್ರರಿಯ ಪ್ಯಾಕೇಜ್ ಲಿಬ್‌ಮೋಟಿಫ್-ಡೆವ್ ಇನ್‌ಸ್ಟಾಲ್ ಆಗಿದೆ, ಡಿಪಿಕೆಜಿ ಪಟ್ಟಿಯಲ್ಲಿ ನೋಡಿದೆ.

ಎರಡು, ಗ್ರೇಸ್ ಪಕ್ಕಕ್ಕಿಟ್ಟು ಬರೀ ಎಕ್ಸ್‌ಕ್ಲಾಕ್ (ಗಡಿಯಾರ ತೋರಿಸುವ ಪುಟ್ಟ ಪ್ರೋಗ್ರಾಂ) ಕೊಟ್ಟರೂ ‘ಕಾಂಟ್ ಓಪನ್ ಡಿಸ್‌ಪ್ಲೇ’ ಅನ್ನುತ್ತದೆ. ಡಿಸ್‌ಪ್ಲೇ ವೇರಿಯಬಲ್ ನೋಡಿದರೆ :0 ಇದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ಗೆ ಡ್ಯಾಶ್ ಎಕ್ಸ್ ಕೊಟ್ಟೇ ಬರುತ್ತಿದ್ದೇನೆ. ಲ್ಯಾಬ್ ಯಂತ್ರವನ್ನೇ ರೀಇನ್‌ಸ್ಟಾಲ್ ಮಾಡಿಸಬೇಕಾ?

ತುಂಗಾತೀರ:
ರೀಇನ್‌ಸ್ಟಾಲ್ ಮಾತು ಬೇಡ. ನಿಮ್ಮ ಎರಡು ತೊಂದರೆಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಎರಡನೆಯದನ್ನು ಮೊದಲು ಬಿಡಿಸೋಣ. ಎಕ್ಸ್‌ಕ್ಲಾಕ್ ಬಾರದೆ ಗ್ರೇಸ್ ಕಟ್ಟಿ ಉಪಯೋಗವಿಲ್ಲ.

ಎಕ್ಸ್ ಅಂದರೆ ಪ್ರೋಗ್ರಾಂಗಳ ವಿಂಡೋಗಳನ್ನು ಪರದೆಗೆ ತರುವ ವ್ಯವಸ್ಥೆ. ಅದರ ವಿಷಯದಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಇಲ್ಲಿ ಸರ್ವರ್ ಅಂದರೆ ಪರದೆ, ಕೀಬೋರ್ಡ್, ಮೌಸ್ ಇರುವ ಕಡೆ ಓಡುವ ಪ್ರೋಗ್ರಾಂ. ಅಂದರೆ ಎಕ್ಸ್ ಸರ್ವರ್ ಇರುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ. ಲ್ಯಾಬ್‌ನಲ್ಲಿ ಓಡುವ ಗ್ರೇಸ್ ಅದರ ಕ್ಲೈಂಟ್. 1984ರಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್‌ನಲ್ಲೂ, 1987ರ ಎಕ್ಸ್11ನಲ್ಲೂ ಏರ್ಪಾಡು ಇದೇ. ಎಕ್ಸ್‌ನ ಜಾಗಕ್ಕೆ ಬಂದ ವೇಲ್ಯಾಂಡ್‌ನ ಸೆಷನ್‌ನಲ್ಲಿ ಆ ಸರ್ವರ್ ಕೆಲಸವನ್ನು ಎಕ್ಸ್‌ವೇಲ್ಯಾಂಡ್ ಮಾಡುತ್ತದೆ, ಹಾಗಾಗಿ ವೇಲ್ಯಾಂಡ್ ಇದೆಯೆಂದು ಹೆದರಬೇಕಿಲ್ಲ. ಗೊಂದಲ ಬೇಡವೆಂದು ಲ್ಯಾಬ್ ಯಂತ್ರವನ್ನು ‘ದೂರದ ಯಂತ್ರ’ ಅಂತಲೇ ಕರೆಯುತ್ತೇನೆ. ಯಾವ ದೋಷ ಬಂದರೂ ಅದು ಪರದೆಯ ಕಡೆಯದೋ ಪ್ರೋಗ್ರಾಂ ಕಡೆಯದೋ ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಈಗ ನಿಮ್ಮ :0. ಕೋಲನ್‌ಗೆ ಮುಂಚೆ ಹೆಸರಿಲ್ಲದಿದ್ದರೆ ‘ಇದೇ ಯಂತ್ರದ ಮೊದಲ ಪರದೆ’ ಎಂದರ್ಥ. ದೂರದ ಯಂತ್ರಕ್ಕೆ ಪರದೆಯೇ ಇಲ್ಲ, ಅದಕ್ಕೇ ತೆರೆಯುತ್ತಿಲ್ಲ. ಎಸ್‌ಎಸ್‌ಎಚ್ ಎಕ್ಸ್ ಸಂಪರ್ಕವನ್ನು ನಿಮ್ಮ ಪರದೆಗೆ ಸರಿಯಾಗಿ ಫಾರ್ವರ್ಡ್ ಮಾಡಿದ್ದರೆ ಅಲ್ಲಿ ಲೋಕಲ್‌ಹೋಸ್ಟ್:10.0 ಎಂದಿರಬೇಕಿತ್ತು. ಹತ್ತರಿಂದ ಶುರುವಾಗಲು ಕಾರಣ ಎಸ್‌ಎಸ್‌ಎಚ್‌ಡಿಯ (ದೂರದ ಯಂತ್ರದಲ್ಲಿ ಓಡುವ ಎಸ್‌ಎಸ್‌ಎಚ್ ಸರ್ವರ್) ಡಿಸ್‌ಪ್ಲೇ ಆಫ್‌ಸೆಟ್ 10. ಪೋರ್ಟ್ ಲೆಕ್ಕ 6000 ಕೂಡಿಸು ಡಿಸ್‌ಪ್ಲೇ ಸಂಖ್ಯೆ, ಅಂದರೆ 6010. ಈಗಾಗಲೇ ಇನ್ನೊಬ್ಬರು ಲಾಗಿನ್ ಆಗಿದ್ದರೆ ನಿಮಗೆ 11, 12 ಸಿಗಬಹುದು, ಅದೂ ಸರಿಯೇ.

:0 ಹೇಗೆ ಬಂತು? ಬಹುತೇಕ ಯಾರದೋ ಹಳೆಯ ಸಲಹೆ ಕೇಳಿ ಶೆಲ್ ಶುರುವಾದಾಗ ಓದುವ ಬ್ಯಾಷ್‌ಆರ್‌ಸಿ ಫೈಲ್‌ನಲ್ಲಿ ‘ಎಕ್ಸ್‌ಪೋರ್ಟ್ ಡಿಸ್‌ಪ್ಲೇ=:0’ ಸಾಲು ಸೇರಿಕೊಂಡಿದೆ. ದೂರದ ಯಂತ್ರದಲ್ಲಿರುವ ನಿಮ್ಮ ಬ್ಯಾಷ್‌ಆರ್‌ಸಿ, ಪ್ರೊಫೈಲ್, ಬ್ಯಾಷ್ ಪ್ರೊಫೈಲ್ ಮೂರರಲ್ಲೂ ಗ್ರೆಪ್ ಮಾಡಿ ಡಿಸ್‌ಪ್ಲೇ ಹುಡುಕಿ. ಸಿಕ್ಕ ಸಾಲನ್ನು ತೆಗೆದು, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಬರುವಾಗ ಎಸ್‌ಎಸ್‌ಎಚ್‌ಗೆ ಡ್ಯಾಶ್ ವಿ ಕೂಡ ಕೊಡಿ. ಆಗ ಫಾರ್ವರ್ಡಿಂಗ್ ಕೇಳಿತೋ ಇಲ್ಲವೋ, ಒಪ್ಪಿತೋ ಇಲ್ಲವೋ ಎಲ್ಲ ಸಾಲುಸಾಲಾಗಿ ಕಾಣುತ್ತದೆ.

ಪೇಟೆಬೀದಿ:
ಲ್ಯಾಪ್‌ಟಾಪ್‌ನಲ್ಲಿ ‘ಎಕ್ಸ್‌ಹೋಸ್ಟ್ ಪ್ಲಸ್’ ಕೊಟ್ಟುಬಿಡಿ ಸಾರ್, ಎಲ್ಲ ಓಪನ್ ಆಗುತ್ತೆ.

ರೂಟ್‌ಬೇಡ:
ದಯವಿಟ್ಟು ಕೊಡಬೇಡಿ. ಎಕ್ಸ್‌ಹೋಸ್ಟ್ ಪ್ಲಸ್ ಅಂದರೆ ಗುರುತು ಪರೀಕ್ಷೆಯನ್ನೇ ತೆಗೆದುಹಾಕಿದಂತೆ. ಎಕ್ಸ್11ನಲ್ಲಿ ಒಂದು ಕ್ಲೈಂಟ್ ಒಳಗೆ ಬಂತೆಂದರೆ ಬೇರೆ ವಿಂಡೋಗಳಿಗೆ ಒತ್ತಿದ ಕೀಗಳನ್ನು ಓದಬಹುದು, ಪರದೆಯ ಚಿತ್ರ ತೆಗೆಯಬಹುದು. ನೀವು ಟೈಪ್ ಮಾಡುವ ಪಾಸ್‌ವರ್ಡೂ ಅದರಲ್ಲಿ ಸೇರಿತು. ಮೇಲಾಗಿ ಇಲ್ಲಿ ಅದರಿಂದ ಕೆಲಸವೂ ಆಗುವುದಿಲ್ಲ. ಈಗಿನ ಎಕ್ಸ್ ಸರ್ವರ್‌ಗಳು ಸುಮ್ಮನೆ ಬಿಟ್ಟರೆ ಟಿಸಿಪಿ ಸಂಪರ್ಕವನ್ನೇ ತೆಗೆದುಕೊಳ್ಳುವುದಿಲ್ಲ. ಬಾಗಿಲಿನ ಚಿಲಕ ತೆಗೆದಿಟ್ಟರೂ ಅಲ್ಲಿಗೆ ಬರುವ ದಾರಿಯೇ ಮುಚ್ಚಿದೆ.

ದಾರಿ ಎಸ್‌ಎಸ್‌ಎಚ್ ಒಳಗಿನಿಂದಲೇ ಇರಲಿ. ಅದು ತಾನೇ ಒಂದು ಕುಕಿ (ಗುರುತಿನ ಗುಟ್ಟಿನ ಸಂಖ್ಯೆ) ತಯಾರಿಸಿ ದೂರದ ಯಂತ್ರದ ಎಕ್ಸ್‌ಅಥಾರಿಟಿ ಫೈಲ್‌ನಲ್ಲಿ ಇಡುತ್ತದೆ.

ಹೊಸಗೆರೆ:
ತುಂಗಾತೀರ ಸರ್, ಬ್ಯಾಷ್‌ಆರ್‌ಸಿಯಲ್ಲಿ ಆ ಸಾಲು ಇತ್ತು, ತೆಗೆದೆ. ಈಗ ಡಿಸ್‌ಪ್ಲೇ ಖಾಲಿ. ಲಾಗಿನ್ ಆಗುವಾಗ ‘ಎಕ್ಸ್11 ಫಾರ್ವರ್ಡಿಂಗ್ ರಿಕ್ವೆಸ್ಟ್ ಫೇಲ್ಡ್ ಆನ್ ಚಾನೆಲ್ 0’ ಎಂದು ಬರುತ್ತಿದೆ.

ಬಯಲುಸೀಮೆ:
ಈ ಸಂದೇಶ ಬಂತಂದ್ರ ನಿಮ್ಮ ಲ್ಯಾಪ್‌ಟಾಪ್ ಕೇಳೇತಿ, ದೂರದ ಯಂತ್ರ ಒಲ್ಲೆ ಅಂದದ ಅಂತ ಅರ್ಥ ರೀ. ಕಾರಣ ನಾಕೈದು ಅದಾವ, ಹೆಚ್ಚು ಸಲ ಬರೋದನ್ನ ಮೊದಲು ಹೇಳ್ತೀನಿ.

ಆ ಕುಕಿ ಬರೆದಿಡೋ ಎಕ್ಸ್‌ಆಥ್ ಅನ್ನೋ ಸಣ್ಣ ಪ್ರೋಗ್ರಾಂ ದೂರದ ಯಂತ್ರದಾಗ ಇರೂದಿಲ್ಲ. ಪರದೆ ಇಲ್ಲದ ಸರ್ವರ್ ಇನ್‌ಸ್ಟಾಲ್ ಮಾಡೋವಾಗ ಅದು ಬರೂದಿಲ್ಲ, ಯಾರೂ ಲಕ್ಷ್ಯ ಕೊಡೂದಿಲ್ಲ. ‘ವಿಚ್ ಎಕ್ಸ್‌ಆಥ್’ ಕೊಟ್ಟು ನೋಡ್ರಿ. ಉತ್ತರ ಬರಲಿಲ್ಲಂದ್ರ ಇದೇ ರೋಗ. ಡೆಬಿಯನ್, ಉಬುಂಟುದಾಗ ಪ್ಯಾಕೇಜ್ ಹೆಸರು ಎಕ್ಸ್‌ಆಥ್ ಅಂತನ. ರೆಡ್ ಹ್ಯಾಟ್ ಬಳಗದಾಗ ಎಕ್ಸ್‌ಆರ್ಗ್-ಎಕ್ಸ್11-ಎಕ್ಸ್‌ಆಥ್. ಇದನ್ನ ನಿಮ್ಮ ಹೋಮ್ ಡೈರೆಕ್ಟರಿಯಾಗ ಇಟ್ಕೊಂಡ್ರ ನಡೆಯೂದಿಲ್ಲ, ಯಾಕಂದ್ರ ಎಸ್‌ಎಸ್‌ಎಚ್‌ಡಿ ಯುಎಸ್‌ಆರ್ ಬಿನ್ ಒಳಗ ಮಾತ್ರ ಅದನ್ನ ಹುಡುಕ್ತದ. ಅಡ್ಮಿನ್ ಅವರಿಗೇ ಹೇಳಬೇಕು.

ಎರಡನೇದು, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲ್‌ನಾಗ ಎಕ್ಸ್11ಫಾರ್ವರ್ಡಿಂಗ್ ‘ನೋ’ ಇರಬಹುದು. ಮೂಲ ಓಪನ್‌ಎಸ್‌ಎಸ್‌ಎಚ್‌ದಾಗ ಅದು ‘ನೋ’ನ, ಡೆಬಿಯನ್‌ದವರು ‘ಯೆಸ್’ ಮಾಡಿ ಕೊಡ್ತಾರ. ಆದರೂ ಭದ್ರತೆಗಂತ ಅಡ್ಮಿನ್ ತೆಗೆದಿರಬಹುದು. ರೂಟ್ ಆಗಿ ‘ಎಸ್‌ಎಸ್‌ಎಚ್‌ಡಿ ಡ್ಯಾಶ್ ದೊಡ್ಡ ಟಿ’ ಕೊಟ್ಟ್ರ ನಿಜವಾಗಿ ಜಾರಿಯಲ್ಲಿರೋ ಸೆಟ್ಟಿಂಗ್ ತೋರಿಸ್ತದ. ಫೈಲ್ ಓದೋದಕ್ಕಿಂತ ಇದು ಖಾತ್ರಿ, ಯಾಕಂದ್ರ ಈಗ ಸೆಟ್ಟಿಂಗ್ ಹತ್ತು ತುಂಡು ಫೈಲ್‌ನಾಗ ಹರಿದು ಕುಂತಿರ್ತಾವ. ಬದಲಿಸಿದ ಮ್ಯಾಲ ರೀಲೋಡ್ ಸಾಕು, ಇದ್ದ ಸೆಷನ್ ಹರಿಯೂದಿಲ್ಲ.

ಮೂರನೇದು, ಯಂತ್ರದಾಗ ಐಪಿವಿ6 ಬಂದ್ ಮಾಡಿದ್ರ ಎಸ್‌ಎಸ್‌ಎಚ್‌ಡಿಗೆ ಡಿಸ್‌ಪ್ಲೇ ಸಾಕೆಟ್ ಹಂಚೋದಕ್ಕ ಆಗೂದಿಲ್ಲ. ಅದೇ ಕಾನ್ಫಿಗ್‌ನಾಗ ‘ಅಡ್ರೆಸ್‌ಫ್ಯಾಮಿಲಿ ಐನೆಟ್’ ಅಂತ ಬರೆದು ರೀಸ್ಟಾರ್ಟ್ ಮಾಡಬೇಕು.

ಫಾರ್ವರ್ಡಿಂಗ್ ಒಪ್ಪಿದ ಮ್ಯಾಲೂ ‘ಎರರ್ ಇನ್ ಲಾಕಿಂಗ್ ಅಥಾರಿಟಿ ಫೈಲ್’ ಅಂದ್ರ ಅದು ಬ್ಯಾರೆ ಸುದ್ದಿ. ಹೋಮ್ ಡೈರೆಕ್ಟರಿ ಕೋಟಾ ತುಂಬಿರ್ತದ, ಇಲ್ಲಾ ಹಿಂದಿನ ಲಾಕ್ ಫೈಲ್ ಉಳಿದಿರ್ತದ. ‘ಕೋಟಾ’ ಮತ್ತ ‘ಡಿಎಫ್ ಡ್ಯಾಶ್ ಎಚ್’ ನೋಡ್ರಿ. ಜಾಗ ಇದ್ರ ‘ಎಕ್ಸ್‌ಆಥ್ ಡ್ಯಾಶ್ ಬಿ’ ಕೊಟ್ಟ್ರ ಹಳೇ ಲಾಕ್ ಮುರೀತದ.

ಹೊಸಗೆರೆ:
ಎಕ್ಸ್‌ಆಥ್ ಇರಲಿಲ್ಲ! ಅಡ್ಮಿನ್ ಹಾಕಿಕೊಟ್ಟರು. ಈಗ ಡಿಸ್‌ಪ್ಲೇ ಲೋಕಲ್‌ಹೋಸ್ಟ್:10.0, ಎಕ್ಸ್‌ಕ್ಲಾಕ್ ಬಂತು. ತುಂಬಾ ಧನ್ಯವಾದ. ಡ್ಯಾಶ್ ಎಕ್ಸ್ ಬದಲು ಡ್ಯಾಶ್ ವೈ ಕೊಡಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಏನು ವ್ಯತ್ಯಾಸ?

ರೂಟ್‌ಬೇಡ:
ಎರಡೂ ದೊಡ್ಡಕ್ಷರವೇ ಆಗಿರಬೇಕು. ಸಣ್ಣ ಎಕ್ಸ್ ಕೊಟ್ಟರೆ ಫಾರ್ವರ್ಡಿಂಗ್ ಬಂದ್ ಆಗುತ್ತದೆ, ಇದೂ ಆಗಾಗ ಕಾಣುವ ತಪ್ಪು.

ಡ್ಯಾಶ್ ಎಕ್ಸ್‌ನಲ್ಲಿ ದೂರದ ಪ್ರೋಗ್ರಾಂಗೆ ನಂಬಿಕೆ ಕಡಿಮೆ. ಎಕ್ಸ್‌ನ ಸೆಕ್ಯೂರಿಟಿ ಎಕ್ಸ್‌ಟೆನ್ಷನ್ ಅದನ್ನು ಬೇರೆ ವಿಂಡೋಗಳಿಂದ ದೂರ ಇಡುತ್ತದೆ. ಇದರಿಂದ ಕೆಲವು ಪ್ರೋಗ್ರಾಂಗಳು ‘ಬ್ಯಾಡ್ ಆಕ್ಸೆಸ್’ ಎಂದು ಬೀಳುತ್ತವೆ. ಇನ್ನೊಂದು ಗಮನಿಸಬೇಕಾದ್ದು: 20 ನಿಮಿಷ ಕಳೆದ ಮೇಲೆ ಹೊಸ ವಿಂಡೋ ತೆರೆಯಲು ಬಿಡುವುದಿಲ್ಲ. ತೆರೆದಿದ್ದು ಓಡುತ್ತಿರುತ್ತದೆ, ಹೊಸದು ಮಾತ್ರ ‘ಕಾಂಟ್ ಓಪನ್ ಡಿಸ್‌ಪ್ಲೇ’. ಬೆಳಿಗ್ಗೆ ಕೆಲಸ ಮಾಡಿದ್ದು ಅರ್ಧ ಗಂಟೆಯಲ್ಲಿ ನಿಂತಿತೆಂದು ಜನ ಪ್ರೋಗ್ರಾಂ ಮೇಲೆ ಅನುಮಾನ ಪಡುತ್ತಾರೆ. ಆ ಅವಧಿಯನ್ನು ಫಾರ್ವರ್ಡ್‌ಎಕ್ಸ್11ಟೈಮ್‌ಔಟ್ ಸೆಟ್ಟಿಂಗ್‌ನಲ್ಲಿ ಬದಲಿಸಬಹುದು.

ಡ್ಯಾಶ್ ವೈನಲ್ಲಿ ಈ ತಡೆ ಯಾವುದೂ ಇಲ್ಲ. ಡೆಬಿಯನ್, ಉಬುಂಟು ಲ್ಯಾಪ್‌ಟಾಪ್‌ಗಳಲ್ಲಿ ಫಾರ್ವರ್ಡ್‌ಎಕ್ಸ್11ಟ್ರಸ್ಟೆಡ್ ಮೊದಲೇ ‘ಯೆಸ್’ ಆಗಿರುವುದರಿಂದ ಎರಡೂ ಒಂದೇ ಥರ ನಡೆಯುತ್ತವೆ. ಫೆಡೋರಾ ಅಥವಾ ಮ್ಯಾಕ್‌ನಿಂದ ಹೋದಾಗ ಬೇರೆಯಾಗಬಹುದು. ನಿಮ್ಮ ಹಿಡಿತದಲ್ಲಿರುವ, ನಂಬುವ ಯಂತ್ರಕ್ಕೆ ಮಾತ್ರ ಡ್ಯಾಶ್ ವೈ ಕೊಡಿ. ಎಲ್ಲರಿಗೂ ರೂಟ್ ಇರುವ ಹಂಚಿಕೆಯ ಯಂತ್ರಕ್ಕೆ ಬೇಡ.

ಕಡತಕಾವಲು:
ಈಗ ಮೋಟಿಫ್ ವಿಷಯಕ್ಕೆ ಬರುತ್ತೇನೆ. ಆ ಸಂದೇಶದೊಳಗಿನ ಸ್ಟಾರ್ ಮೂಲದಲ್ಲೇ ಇರುವುದು, ಅದನ್ನು ತಿದ್ದಲು ಹೋಗಬೇಡಿ. ಹಳೆಯ ಪುಟಗಳಲ್ಲಿ ‘ಲೆಸ್‌ಟಿಫ್ ಹಾಕಿ’ ಎಂದಿರುತ್ತದೆ. ಅದು ಮೋಟಿಫ್‌ಗೆ ಬದಲಿಯಾಗಿದ್ದ ಮುಕ್ತ ಲೈಬ್ರರಿ. ಮೋಟಿಫ್ 2012ರಲ್ಲಿ ಎಲ್‌ಜಿಪಿಎಲ್ ಅಡಿ ಮುಕ್ತವಾದ ಮೇಲೆ ಆ ಸಲಹೆಗೆ ಅರ್ಥ ಉಳಿದಿಲ್ಲ.

ಅಡ್ಮಿನ್ ಸ್ಪಂದಿಸುವವರಾದರೆ ‘ಗ್ರೇಸ್’ ಎಂಬ ಡೆಬಿಯನ್ ಪ್ಯಾಕೇಜನ್ನೇ ಹಾಕಿಸಿಕೊಳ್ಳಿ, ಅದು ಎಲ್ಲಕ್ಕಿಂತ ಸುಲಭ. ಸೋರ್ಸ್‌ನಿಂದಲೇ ಆಗಬೇಕೆಂದರೆ ಮುಂದೆ ಓದಿ.

ಲೈಬ್ರರಿ ಇದ್ದೂ ‘ಇಲ್ಲ’ ಎನ್ನುವುದು ಯಾಕೆ? ಕಾನ್ಫಿಗರ್ ಸ್ಕ್ರಿಪ್ಟ್ ನಿಮ್ಮ ಪ್ಯಾಕೇಜ್ ಪಟ್ಟಿಯನ್ನು ನೋಡುವುದಿಲ್ಲ. ಅದು ನಾಲ್ಕೈದು ಸಾಲಿನ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದು, ಮೋಟಿಫ್ ಜೊತೆ ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ‘ಇದೆ’, ಆಗದಿದ್ದರೆ ‘ಇಲ್ಲ’. ಆಗದಿರಲು ಬೇರೆ ಏನೇ ಕಾರಣವಿದ್ದರೂ ಪರದೆಗೆ ಬರುವುದು ‘ಇಲ್ಲ’ ಎಂದೇ. ಡೆಬಿಯನ್ 13ರಲ್ಲಿರುವುದು ಜಿಸಿಸಿ 14. 2024ರಲ್ಲಿ ಬಂದ ಈ ಆವೃತ್ತಿಯಿಂದ, ಘೋಷಿಸದ ಫಂಕ್ಷನ್ ಕರೆಯುವುದು, ರಿಟರ್ನ್ ಟೈಪ್ ಇಲ್ಲದೆ ಬರೀ ‘ಮೇನ್’ ಎಂದು ಬರೆಯುವುದು ಎಚ್ಚರಿಕೆಯಲ್ಲ, ನೇರ ದೋಷ. ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳ ಪುಟ್ಟ ಪ್ರೋಗ್ರಾಂಗಳು ಇದೇ ಹಳೆ ಶೈಲಿಯವು. ಮೋಟಿಫ್ ಸರಿಯಿದ್ದರೂ ಪರೀಕ್ಷೆಯ ಪ್ರೋಗ್ರಾಂ ಫೇಲಾಗುತ್ತದೆ.

ಖಚಿತಪಡಿಸಿಕೊಳ್ಳಲು ಅದೇ ಫೋಲ್ಡರ್‌ನ ಕಾನ್ಫಿಗ್ ಡಾಟ್ ಲಾಗ್ ತೆರೆಯಿರಿ. ಕೊನೆಯಿಂದ ಮೇಲಕ್ಕೆ ಓದುತ್ತ ‘ಮೋಟಿಫ್’ ಪರೀಕ್ಷೆಯ ಹತ್ತಿರ ನಿಲ್ಲಿ. ‘ಇಂಪ್ಲಿಸಿಟ್’ ಎಂಬ ಪದವಿದ್ದ ದೋಷ ಕಂಡರೆ ನಾನು ಹೇಳಿದ ಕಾರಣವೇ. ‘ಕ್ಯಾನಾಟ್ ಫೈಂಡ್ ಡ್ಯಾಶ್ ಎಲ್‌ಎಕ್ಸ್‌ಎಂ’ ಎಂದಿದ್ದರೆ ನಿಜಕ್ಕೂ ಲೈಬ್ರರಿ ಸಿಕ್ಕಿಲ್ಲ. ಎಲ್‌ಎಕ್ಸ್‌ಟಿ, ಎಲ್‌ಎಕ್ಸ್‌ಪಿಎಂ ಇತ್ಯಾದಿ ಸಿಗದಿದ್ದರೆ ಆಯಾ ಡೆವ್ ಪ್ಯಾಕೇಜ್ ಬೇಕು: ಲಿಬ್‌ಎಕ್ಸ್‌ಟಿ-ಡೆವ್, ಲಿಬ್‌ಎಕ್ಸ್‌ಪಿಎಂ-ಡೆವ್, ಲಿಬ್‌ಎಕ್ಸ್‌ಎಂಯು-ಡೆವ್. ಪಿಎನ್‌ಜಿ, ಜೆಪೆಗ್ ಔಟ್‌ಪುಟ್ ಬೇಕಿದ್ದರೆ ಅವುಗಳ ಡೆವ್ ಕೂಡ. ಅವು ಇಲ್ಲದಿದ್ದರೆ ಕಾನ್ಫಿಗರ್ ನಿಲ್ಲುವುದಿಲ್ಲ, ಸದ್ದಿಲ್ಲದೆ ಆ ಔಟ್‌ಪುಟ್ ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಕೊನೆಯ ಸಾರಾಂಶ ಓದದೆ ಮೇಕ್ ಕೊಡಬೇಡಿ.

ಕಂಪೈಲರ್ ಕಾರಣವಾದರೆ ಹೀಗೆ ಮಾಡಿ. ಮೊದಲು ‘ಮೇಕ್ ಡಿಸ್ಟ್‌ಕ್ಲೀನ್’, ಜೊತೆಗೆ ಕಾನ್ಫಿಗ್ ಡಾಟ್ ಕ್ಯಾಶ್ ಫೈಲ್ ಇದ್ದರೆ ಅಳಿಸಿ; ಇಲ್ಲದಿದ್ದರೆ ಹಿಂದಿನ ‘ಇಲ್ಲ’ ಅಲ್ಲೇ ನೆನಪಾಗಿ ಉಳಿದಿರುತ್ತದೆ. ಸಿಫ್ಲ್ಯಾಗ್ಸ್ ವೇರಿಯಬಲ್‌ಗೆ ಮೂರು ಆಪ್ಷನ್ ಕೊಡಿ: ಡ್ಯಾಶ್ ದೊಡ್ಡ ಓ 2, ಡ್ಯಾಶ್ ಎಸ್‌ಟಿಡಿ ಈಕ್ವಲ್ಸ್ ಗ್ನು89, ಡ್ಯಾಶ್ ಎಫ್‌ಪರ್ಮಿಸಿವ್. ಗ್ನು89 ಹಳೆಯ ಭಾಷೆಯನ್ನು ಒಪ್ಪುತ್ತದೆ. ಎಫ್‌ಪರ್ಮಿಸಿವ್ ಉಳಿದ ಹೊಸ ದೋಷಗಳನ್ನು, ಮುಖ್ಯವಾಗಿ ಹೊಂದದ ಪಾಯಿಂಟರ್‌ಗಳದ್ದನ್ನು, ಎಚ್ಚರಿಕೆಗೆ ಇಳಿಸುತ್ತದೆ. ಸಿ ಭಾಷೆಗೆ ಎಫ್‌ಪರ್ಮಿಸಿವ್ ಕೆಲಸ ಮಾಡುವುದು ಜಿಸಿಸಿ 14ರಿಂದ ಈಚೆಗೆ ಮಾತ್ರ. ಕಾನ್ಫಿಗರ್‌ಗೆ ಪ್ರಿಫಿಕ್ಸ್ ನಿಮ್ಮ ಹೋಮ್ ಒಳಗಿನ ಒಂದು ಫೋಲ್ಡರ್ ಆಗಲಿ. ಆಮೇಲೆ ಮೇಕ್, ಮೇಕ್ ಇನ್‌ಸ್ಟಾಲ್, ಮೇಕ್ ಲಿಂಕ್ಸ್. ಕೊನೆಯದನ್ನು ಬಿಟ್ಟರೆ ಪ್ರೋಗ್ರಾಂ ಪ್ರಿಫಿಕ್ಸ್ ಒಳಗಿನ ‘ಗ್ರೇಸ್’ ಫೋಲ್ಡರ್‌ನ ಬಿನ್‌ನಲ್ಲಿ ಅಡಗಿರುತ್ತದೆ, ‘ಕಮಾಂಡ್ ನಾಟ್ ಫೌಂಡ್’ ಬರುತ್ತದೆ. ಇನ್‌ಸ್ಟಾಲ್ ಆದ ಫೋಲ್ಡರನ್ನು ಆಮೇಲೆ ಬೇರೆಡೆ ಸರಿಸಿದರೆ ಗ್ರೇಸ್ ಹೋಮ್ ವೇರಿಯಬಲ್ ಹೊಸ ಜಾಗಕ್ಕೆ ತಿರುಗಿಸಬೇಕು, ಇಲ್ಲವಾದರೆ ಅದರ ಫಾಂಟ್‌ಗಳು ಸಿಗದೆ ನಿಲ್ಲುತ್ತದೆ.

ಹೊಸಗೆರೆ:
ಲಾಗ್‌ನಲ್ಲಿ ‘ಇಂಪ್ಲಿಸಿಟ್’ ದೋಷವೇ ಇತ್ತು. ನೀವು ಹೇಳಿದ ಮೂರು ಆಪ್ಷನ್ ಕೊಟ್ಟು ಕಟ್ಟಿದೆ, ಗ್ರೇಸ್ ಓಪನ್ ಆಯಿತು. ಆದರೆ ಮೂರು ತೊಡಕು ಉಳಿದಿವೆ. ಟರ್ಮಿನಲ್ ತುಂಬ ‘ಕ್ಯಾನಾಟ್ ಕನ್ವರ್ಟ್ ಸ್ಟ್ರಿಂಗ್ ... ಹೆಲ್ವೆಟಿಕಾ ... ಟು ಟೈಪ್ ಫಾಂಟ್‌ಸ್ಟ್ರಕ್ಟ್’. ಅದಕ್ಕೂ ಮುಂಚೆ ‘ಲೊಕೇಲ್ ನಾಟ್ ಸಪೋರ್ಟೆಡ್ ಬೈ ಸಿ ಲೈಬ್ರರಿ’. ಮೆನು ಅಕ್ಷರ ಇರುವೆ ಸಾಲಿನಂತೆ ಸಣ್ಣದು. ದೂರದ ಯಂತ್ರದಲ್ಲಿ ಫಾಂಟ್ ಪ್ಯಾಕೇಜ್ ಹಾಕಿಸಿದೆ, ಏನೂ ಬದಲಾಗಲಿಲ್ಲ.

ಅಕ್ಷರಪ್ರಿಯೆ:
ಬದಲಾಗದಿದ್ದುದಕ್ಕೆ ಕಾರಣ, ಫಾಂಟ್ ಹಾಕಿಸಿದ್ದು ಬೇರೆ ಯಂತ್ರಕ್ಕೆ. ತುಂಗಾತೀರರು ಮೇಲೆ ಹೇಳಿದ್ದು ಇಲ್ಲಿ ಪೂರ್ತಿ ಅನ್ವಯಿಸುತ್ತದೆ.

ಎಕ್ಸ್‌ನಲ್ಲಿ ಅಕ್ಷರ ಬಿಡಿಸಲು ಎರಡು ಪದ್ಧತಿಗಳಿವೆ. ಹಳೆಯದರಲ್ಲಿ ಪ್ರೋಗ್ರಾಂ ‘ಹೆಲ್ವೆಟಿಕಾ, ಇಷ್ಟು ಪಿಕ್ಸೆಲ್’ ಎಂದು ಹೆಸರು ಹೇಳುತ್ತದೆ, ಅಕ್ಷರ ಬಿಡಿಸುವುದು ಎಕ್ಸ್ ಸರ್ವರ್. ಅಂದರೆ ಫಾಂಟ್ ಇರಬೇಕಾದ್ದು ಲ್ಯಾಪ್‌ಟಾಪ್‌ನಲ್ಲಿ. ಹೊಸದಾದ ಎಕ್ಸ್‌ಎಫ್‌ಟಿ, ಪ್ಯಾಂಗೋ ಪದ್ಧತಿಯಲ್ಲಿ ಪ್ರೋಗ್ರಾಂ ತಾನೇ ಅಕ್ಷರ ತಯಾರಿಸಿ ಚಿತ್ರವಾಗಿ ಕಳಿಸುತ್ತದೆ. ಆಗ ಫಾಂಟ್ ದೂರದ ಯಂತ್ರದಲ್ಲಿರಬೇಕು. ನೀವು ನೋಡುತ್ತಿರುವ ಗ್ರೇಸ್ ಮೆನು ಹಳೆಯ ಪದ್ಧತಿಯದ್ದು.

ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಫಾಂಟ್ಸ್-75ಡಿಪಿಐ, ಎಕ್ಸ್‌ಫಾಂಟ್ಸ್-100ಡಿಪಿಐ ಎರಡನ್ನೂ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ‘ಎಕ್ಸ್‌ಸೆಟ್ ಎಫ್‌ಪಿ ರೀಹ್ಯಾಶ್’ ಸಾಕು ಎನ್ನುವವರಿದ್ದಾರೆ. ಆದರೆ ಎಕ್ಸ್ ಸರ್ವರ್ ಶುರುವಾದಾಗ ಆ ಫಾಂಟ್ ಡೈರೆಕ್ಟರಿಯೇ ಇರದಿದ್ದರೆ ಅದು ಹುಡುಕುವ ಪಟ್ಟಿಯಲ್ಲೇ ಸೇರಿರುವುದಿಲ್ಲ, ರೀಹ್ಯಾಶ್ ಮಾಡಿ ಪ್ರಯೋಜನವಿಲ್ಲ. ಆಮೇಲೆ ‘ಎಕ್ಸ್‌ಎಲ್‌ಎಸ್‌ಫಾಂಟ್ಸ್’ ಪಟ್ಟಿಯಲ್ಲಿ ಹೆಲ್ವೆಟಿಕಾ ಕಾಣಿಸಬೇಕು. ದೂರದ ಯಂತ್ರದಿಂದ ಓಡಿಸಿದರೂ ಅದು ತೋರಿಸುವುದು ನಿಮ್ಮ ಲ್ಯಾಪ್‌ಟಾಪಿನ ಫಾಂಟ್‌ಗಳನ್ನೇ.

ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ದೋಷ: ನಿಮ್ಮ ಡೆಸ್ಕ್‌ಟಾಪ್ ಭಾಷೆ ಕನ್ನಡಕ್ಕೆ ಇದೆ ಅನಿಸುತ್ತದೆ. ಡೆಬಿಯನ್, ಉಬುಂಟು ಎಸ್‌ಎಸ್‌ಎಚ್ ನಿಮ್ಮ ಲ್ಯಾಂಗ್, ಎಲ್‌ಸಿ ವೇರಿಯಬಲ್‌ಗಳನ್ನು ಜೊತೆಗೇ ಹೊತ್ತೊಯ್ಯುತ್ತದೆ. ಅಲ್ಲಿ ‘ಕೆಎನ್_ಐಎನ್’ ಲೊಕೇಲ್ ತಯಾರಿಸಿಲ್ಲವಾದರೆ ಈ ಗೊಣಗಾಟ. ‘ಲೊಕೇಲ್ ಡ್ಯಾಶ್ ಎ’ ಕೊಟ್ಟು ಏನಿದೆ ನೋಡಿ. ಅಡ್ಮಿನ್ ಅವರಿಂದ ಆ ಲೊಕೇಲ್ ತಯಾರಿಸಿಕೊಳ್ಳಬಹುದು, ಇಲ್ಲವೇ ದೂರದ ಯಂತ್ರದಲ್ಲಿ ಎಲ್‌ಸಿ_ಆಲ್ ಅನ್ನು ಸಿ ಡಾಟ್ ಯುಟಿಎಫ್-8 ಎಂದಿಡಬಹುದು. ಡೆಬಿಯನ್‌ನಲ್ಲಿ ಅದು ಯಾವಾಗಲೂ ಇರುತ್ತದೆ. ಗ್ರೇಸ್ ಆಗಲೂ ಹಟ ಹಿಡಿದರೆ ಆ ಒಂದು ಕಮಾಂಡ್‌ಗೆ ಮಾತ್ರ ಬರೀ ‘ಸಿ’ ಕೊಡಿ.

ಅಕ್ಷರ ದೊಡ್ಡದಾಗಲು ಎಕ್ಸ್ ರಿಸೋರ್ಸ್ ಬಳಸಿ. ಲ್ಯಾಪ್‌ಟಾಪ್‌ನ ಹೋಮ್‌ನಲ್ಲಿ ಎಕ್ಸ್‌ರಿಸೋರ್ಸಸ್ ಫೈಲ್ ಮಾಡಿ. ಒಂದೇ ಸಾಲು: ಎಡಕ್ಕೆ ‘ಎಕ್ಸ್‌ಎಂಗ್ರೇಸ್*ಫಾಂಟ್‌ಲಿಸ್ಟ್’ (ಎಕ್ಸ್‌ಎಂಗ್ರೇಸ್ ಅಂದರೆ ಗ್ರೇಸ್‌ನ ವಿಂಡೋ ಪ್ರೋಗ್ರಾಂ), ಇಲ್ಲಿ ಎಕ್ಸ್, ಎಂ ಮತ್ತು ಲಿಸ್ಟ್‌ನ ಎಲ್ ದೊಡ್ಡಕ್ಷರ. ಕೋಲನ್ ಆದ ಮೇಲೆ ಫಾಂಟಿನ ಪೂರ್ಣ ಹೆಸರು. ಆ ಹೆಸರಿಗೆ ಡ್ಯಾಶ್‌ಗಳ ನಡುವೆ 14 ಭಾಗ, 7ನೆಯದು ಪಿಕ್ಸೆಲ್ ಎತ್ತರ. ಇವು ಬಿಟ್‌ಮ್ಯಾಪ್ ಫಾಂಟ್‌ಗಳು. 75ಡಿಪಿಐ ಕಟ್ಟಿನಲ್ಲಿ ಹೆಲ್ವೆಟಿಕಾ 8, 10, 12, 14, 18, 24 ಪಿಕ್ಸೆಲ್, 100ಡಿಪಿಐ ಕಟ್ಟಿನಲ್ಲಿ 34ರವರೆಗೆ ಸಿಗುತ್ತದೆ. ನಿಮ್ಮ ಪರದೆಗೆ 24 ಕೊಟ್ಟು ನೋಡಿ. ಫೈಲ್ ಉಳಿಸಿ ‘ಎಕ್ಸ್‌ಆರ್‌ಡಿಬಿ ಡ್ಯಾಶ್ ಮರ್ಜ್’ ಮಾಡಿ ಗ್ರೇಸ್ ಮತ್ತೆ ತೆರೆಯಿರಿ. ಈ ರಿಸೋರ್ಸ್‌ಗಳೂ ಎಕ್ಸ್ ಸರ್ವರ್ ಬಳಿಯೇ ಇರುತ್ತವೆ, ಆದ್ದರಿಂದ ಲ್ಯಾಪ್‌ಟಾಪ್ ಕಡೆ ಹಾಕಿದ್ದು ಸರಿ. ಎಡಗಡೆಯ ಟೂಲ್‌ಬಾರ್ ಐಕಾನ್‌ಗಳು ಮಾತ್ರ ಇದರಿಂದ ಬೆಳೆಯುವುದಿಲ್ಲ, ಅವು ಬರೀ ಚಿತ್ರಗಳು. ಅವೂ ದೊಡ್ಡದಾಗಬೇಕಾದರೆ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇನಲ್ಲಿ ಫ್ರಾಕ್ಷನಲ್ ಸ್ಕೇಲಿಂಗ್ ಆನ್ ಮಾಡಿ 200% ಇಡಿ. ಇಡೀ ವಿಂಡೋ ಹಿಗ್ಗುತ್ತದೆ, ಅಕ್ಷರ ಸ್ವಲ್ಪ ಮಸುಕಾಗುತ್ತದೆ.

ಪೇಟೆಬೀದಿ:
ನನ್ನದು ಇದಕ್ಕೆ ಉಲ್ಟಾ. 1366×768 ಪರದೆ, ಗ್ರೇಸ್ ಡೈಲಾಗ್‌ನ ಕೆಳಗಿನ ‘ಅಪ್ಲೈ’ ಬಟನ್ ಪರದೆಯ ಆಚೆ ಹೋಗುತ್ತೆ.

ಅಕ್ಷರಪ್ರಿಯೆ:
ಗ್ನೋಮ್‌ನಲ್ಲಿ ಸೂಪರ್ ಕೀ ಒತ್ತಿಕೊಂಡು, ಬೇರೆ ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಆಲ್ಟ್ ಒತ್ತಿಕೊಂಡು, ವಿಂಡೋದ ಯಾವ ಜಾಗದಲ್ಲಾದರೂ ಮೌಸ್ ಹಿಡಿದು ಮೇಲಕ್ಕೆಳೆಯಿರಿ. ಫಾಂಟ್ 10 ಪಿಕ್ಸೆಲ್‌ಗೆ ಇಳಿಸಿದರೂ ಡೈಲಾಗ್ ಕುಗ್ಗುತ್ತದೆ. ಪ್ಲಾಟ್ ಪುಟ ವಿಂಡೋದ ಅಳತೆಗೆ ಹೊಂದಲು ಎಕ್ಸ್‌ಎಂಗ್ರೇಸ್‌ಗೆ ‘ಡ್ಯಾಶ್ ಫ್ರೀ’ ಕೊಟ್ಟು ತೆರೆಯಿರಿ. ಹಳೆಯ ಎಕ್ಸ್ ಪ್ರೋಗ್ರಾಂಗಳಲ್ಲಿ ಮೆನು, ಶಾರ್ಟ್‌ಕಟ್ ಪ್ರತಿಕ್ರಿಯೆ ಕೊಡದಿದ್ದರೆ ನಮ್ ಲಾಕ್ ಆಫ್ ಮಾಡಿ ನೋಡುವುದೂ ಒಳ್ಳೆಯದು.

ಹೊಸಗೆರೆ:
ಮೂರೂ ಸರಿಯಾಯಿತು. ಕೊನೆಯ ಪ್ರಶ್ನೆ: ಅಕ್ಷಗಳ ಹೆಸರು ಕನ್ನಡದಲ್ಲಿ ಬೇಕು, ‘ಒತ್ತಡ’, ‘ಉಷ್ಣಾಂಶ’. ಗ್ರೇಸ್‌ನಲ್ಲಿ ಟೈಪ್ ಮಾಡಿದರೆ ಏನೇನೋ ಲ್ಯಾಟಿನ್ ಚಿಹ್ನೆಗಳು ಬರುತ್ತವೆ.

ಅಕ್ಷರಪ್ರಿಯೆ:
ಗ್ರೇಸ್‌ನಲ್ಲಿ ಅದು ಆಗುವುದಿಲ್ಲ, ಅದಕ್ಕಾಗಿ ಹೊತ್ತು ಕಳೆಯಬೇಡಿ. ಅದು ಬಳಸುವುದು ಟೈಪ್ 1 ಫಾಂಟ್‌ಗಳನ್ನು, ಒಂದು ಬೈಟಿಗೆ ಒಂದು ಅಕ್ಷರದ ಲೆಕ್ಕದಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಹಾಗಾಗಿ ಒಂದು ‘ಕ’ಕ್ಕೆ ಮೂರು ಚಿಹ್ನೆ ಕಾಣುತ್ತವೆ. ಫಾಂಟ್ ಬದಲಿಸಿದರೂ ತೀರುವುದಿಲ್ಲ. ಕನ್ನಡಕ್ಕೆ ಅಕ್ಷರ ಸಾಲಾಗಿ ಇಟ್ಟರೆ ಸಾಲದು: ‘ಒತ್ತಡ’ದಲ್ಲಿ ತವೊತ್ತು ಕೆಳಗಿಳಿಯಬೇಕು, ‘ಮಾರ್ಗ’ದಲ್ಲಿ ಅರ್ಕಾವತ್ತು ‘ಗ’ದ ಹಿಂದಕ್ಕೆ ಹೋಗಬೇಕು. ಈ ಜೋಡಣೆ ಮಾಡುವುದು ಹಾರ್ಫ್‌ಬಜ್‌ನಂತಹ ಲೈಬ್ರರಿ. ಅದಿಲ್ಲದ ಪ್ರೋಗ್ರಾಂನಲ್ಲಿ ‘ಒತ್‌ತಡ’ ಎಂದು ಬಿಡಿಬಿಡಿಯಾಗಿ ಕಾಣುತ್ತದೆ. ಎಕ್ಸ್‌ಟರ್ಮ್‌ನಲ್ಲಿ ಕನ್ನಡ ಒಡೆಯುವುದೂ ಇದಕ್ಕೇ. ಟರ್ಮಿನಲ್‌ನಲ್ಲಿ ಕನ್ನಡ ಓದಬೇಕಾದವರು ಎಂಎಲ್‌ಟರ್ಮ್ ನೋಡಿ.

ನಿಮಗೆ ಎರಡು ದಾರಿ. ಗ್ರೇಸ್‌ನಿಂದ ಎಸ್‌ವಿಜಿ ಆಗಿ ಪ್ರಿಂಟ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಇಂಕ್‌ಸ್ಕೇಪ್‌ನಿಂದ ತೆರೆದು ಹೆಸರುಗಳನ್ನು ಕನ್ನಡದಲ್ಲಿ ಹಾಕಿ, ಪಿಡಿಎಫ್ ತೆಗೆಯುವುದು. ಒಂದೆರಡು ಚಿತ್ರಕ್ಕೆ ಇದು ಸರಿ.

ಚಿತ್ರ ಹೆಚ್ಚಿದ್ದರೆ ಗ್ನುಪ್ಲಾಟ್ ಎಂಬ ಇನ್ನೊಂದು ಗ್ರಾಫ್ ಪ್ರೋಗ್ರಾಂಗೆ ಹೋಗಿ. ಟರ್ಮಿನಲ್ (ಅಲ್ಲಿ ಔಟ್‌ಪುಟ್ ಬಗೆಗೆ ಇದೇ ಹೆಸರು) ‘ಪಿಡಿಎಫ್‌ಕೈರೋ’, ಫಾಂಟ್ ‘ನೋಟೋ ಸ್ಯಾನ್ಸ್ ಕನ್ನಡ,14’, ಎನ್‌ಕೋಡಿಂಗ್ ಯುಟಿಎಫ್8. ಆಮೇಲೆ ಔಟ್‌ಪುಟ್ ಫೈಲ್ ಹೆಸರು, ಎಕ್ಸ್‌ಲೇಬಲ್ ಕನ್ನಡದಲ್ಲೇ. ಕೈರೋ ಟರ್ಮಿನಲ್‌ಗಳು ಪ್ಯಾಂಗೋ ಮೂಲಕ ಬರೆಯುವುದರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಗ್ನುಪ್ಲಾಟ್‌ನ ಹಳೆಯ ‘ಎಕ್ಸ್11’ ಟರ್ಮಿನಲ್‌ನಲ್ಲಿ ಕೂರುವುದಿಲ್ಲ, ಅದನ್ನು ನೋಡಿ ಗಾಬರಿಯಾಗಬೇಡಿ. ಇಲ್ಲಿ ಫಾಂಟ್ ದೂರದ ಯಂತ್ರದಲ್ಲಿರಬೇಕು. ರೂಟ್ ಬೇಕಿಲ್ಲ: ಹೋಮ್‌ನೊಳಗೆ ಡಾಟ್ ಲೋಕಲ್, ಶೇರ್, ಫಾಂಟ್ಸ್ ಎಂಬ ಫೋಲ್ಡರ್ ಮಾಡಿ ಟಿಟಿಎಫ್ ಫೈಲ್ ಹಾಕಿ, ‘ಎಫ್‌ಸಿ-ಕ್ಯಾಶ್ ಡ್ಯಾಶ್ ಎಫ್’ ಓಡಿಸಿ. ‘ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್’ ಕೊಟ್ಟಾಗ ಅದರ ಹೆಸರು ಬರಬೇಕು; ಗ್ನುಪ್ಲಾಟ್‌ಗೆ ಆ ಹೆಸರನ್ನೇ ಅಕ್ಷರ ತಪ್ಪದೆ ಕೊಡಿ. ಅಡ್ಮಿನ್ ಹಾಕಿಕೊಡುವುದಾದರೆ ಡೆಬಿಯನ್‌ನಲ್ಲಿ ಫಾಂಟ್ಸ್-ಲೋಹಿತ್-ಕೆಎನ್‌ಡಿಎ, ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಕೂಡ ಇವೆ.

ಮಲೆನಾಡು42:
ಇದೇ ಎಳೆಯಲ್ಲಿ ಕೇಳುತ್ತೇನೆ. ಡೆಬಿಯನ್ ಯಂತ್ರದಲ್ಲಿ ಪಿಪ್‌ನಿಂದ ಪೈಕ್ಯೂಟಿ6 (ಪೈಥಾನ್‌ನಿಂದ ಕ್ಯೂಟಿ ವಿಂಡೋ ಲೈಬ್ರರಿ ಬಳಸಲು) ಹಾಕಿದ್ದೇನೆ. ಎಕ್ಸ್‌ಕ್ಲಾಕ್ ಬರುತ್ತದೆ, ಆದರೆ ಕ್ಯೂಟಿ ಪ್ರೋಗ್ರಾಂ ‘ಎಕ್ಸ್‌ಸಿಬಿ ಪ್ಲಗಿನ್ ಸಿಕ್ಕಿತು, ಲೋಡ್ ಆಗಲಿಲ್ಲ’ ಎಂಬರ್ಥದ ಸಂದೇಶ ಕೊಟ್ಟು ಸಾಯುತ್ತದೆ. ಇಲ್ಲೂ ರೂಟ್ ಇಲ್ಲ.

ಕಡತಕಾವಲು:
ಎಕ್ಸ್‌ಕ್ಲಾಕ್ ಬರುತ್ತದೆ ಅಂದಮೇಲೆ ಡಿಸ್‌ಪ್ಲೇ ಸರಿ ಇದೆ. ಕೊರತೆ ಪ್ರೋಗ್ರಾಂ ಕಡೆ. ಪ್ಲಗಿನ್ ಸಿಕ್ಕಿ ಲೋಡ್ ಆಗಲಿಲ್ಲವೆಂದರೆ ಅದು ಅವಲಂಬಿಸಿರುವ ಯಾವುದೋ ಲೈಬ್ರರಿ ಇಲ್ಲ. ಕ್ಯೂಟಿ 6.5ರಿಂದ ಲಿಬ್‌ಎಕ್ಸ್‌ಸಿಬಿ-ಕರ್ಸರ್0 ಕಡ್ಡಾಯ, ಪಿಪ್ ಅದನ್ನು ತರುವುದಿಲ್ಲ. ಖಚಿತವಾಗಿ ತಿಳಿಯಲು ಕ್ಯೂಟಿ_ಡೀಬಗ್_ಪ್ಲಗಿನ್ಸ್ ವೇರಿಯಬಲ್ 1 ಇಟ್ಟು ಓಡಿಸಿ. ಇಲ್ಲವೇ ಪೈಕ್ಯೂಟಿ6 ಫೋಲ್ಡರ್‌ನ ಪ್ಲಾಟ್‌ಫಾರ್ಮ್ಸ್ ಒಳಗಿರುವ ಲಿಬ್‌ಕ್ಯೂಎಕ್ಸ್‌ಸಿಬಿ ಮೇಲೆ ಎಲ್‌ಡಿಡಿ ಓಡಿಸಿ ‘ನಾಟ್ ಫೌಂಡ್’ ಸಾಲು ಹುಡುಕಿ.

ರೂಟ್ ಇಲ್ಲದೆ ಹೀಗೆ: ‘ಎಪಿಟಿ ಡೌನ್‌ಲೋಡ್’ ಕೊಟ್ಟು ಆ ಪ್ಯಾಕೇಜ್ ಇಳಿಸಿ, ಇದಕ್ಕೆ ಅನುಮತಿ ಬೇಡ. ‘ಡಿಪಿಕೆಜಿ ಡ್ಯಾಶ್ ಎಕ್ಸ್’ ಬಳಸಿ ಹೋಮ್ ಒಳಗಿನ ಫೋಲ್ಡರ್‌ಗೆ ಬಿಚ್ಚಿ. ಇಲ್ಲಿ ಸಣ್ಣ ಎಕ್ಸ್. ಒಳಗೆ ಡಾಟ್ ಎಸ್‌ಒ ಫೈಲ್ ಇರುವ ಫೋಲ್ಡರ್ ದಾರಿಯನ್ನು ಎಲ್‌ಡಿ_ಲೈಬ್ರರಿ_ಪಾತ್‌ಗೆ ಸೇರಿಸಿ. ಎಲ್‌ಡಿಡಿ ಮತ್ತೆ ನೋಡಿ. ಎಕ್ಸ್‌ಸಿಬಿ-ಇಮೇಜ್, ಎಕ್ಸ್‌ಸಿಬಿ-ರೆಂಡರ್-ಯುಟಿಲ್ ಕೂಡ ಇಲ್ಲದಿರಬಹುದು, ಅದೇ ರೀತಿ ತನ್ನಿ. ಆ ವೇರಿಯಬಲನ್ನು ಬ್ಯಾಷ್‌ಆರ್‌ಸಿಗೆ ಹಾಕಬೇಡಿ, ಆ ಪ್ರೋಗ್ರಾಂ ಓಡಿಸುವ ಸಾಲಿನಲ್ಲಿ ಮಾತ್ರ ಇರಲಿ. ಎಲ್ಲ ಕಡೆ ಹರಡಿದರೆ ಬೇರೆ ಪ್ರೋಗ್ರಾಂ ಕೆಡುತ್ತದೆ.

ಅದೇ ಎನ್ವಿರಾನ್‌ಮೆಂಟ್‌ನಲ್ಲಿ ಓಪನ್‌ಸಿವಿ-ಪೈಥಾನ್ ಇದೆಯೇ ನೋಡಿ. ಅದು ತನ್ನದೇ ಕ್ಯೂಟಿ ಪ್ಲಗಿನ್ ತಂದು ಪೈಕ್ಯೂಟಿ ಜೊತೆ ಜಗಳಕ್ಕೆ ಬೀಳುತ್ತದೆ. ಅದರ ಹೆಡ್‌ಲೆಸ್ ಆವೃತ್ತಿ ಹಾಕಿದರೆ ಶಾಂತ.

ಮಲೆನಾಡು42:
ಎಕ್ಸ್‌ಸಿಬಿ-ಕರ್ಸರ್ ಒಂದೇ ಇರಲಿಲ್ಲ. ಬಂತು! ಆದರೆ ಮನೆಯಿಂದ ತೆರೆದರೆ ವಿಂಡೋ ಬರಲು ಹತ್ತು ಸೆಕೆಂಡ್ ಮೇಲಾಗುತ್ತದೆ. ಇಂಟರ್ನೆಟ್ 100 ಎಂಬಿಪಿಎಸ್ ಇದೆ.

ಬಯಲುಸೀಮೆ:
ಎಂಬಿಪಿಎಸ್ ಲೆಕ್ಕಕ್ಕ ಬರೂದಿಲ್ರೀ ಇಲ್ಲಿ. ‘ಪಿಂಗ್’ ಎಷ್ಟು ಮಿಲಿಸೆಕೆಂಡ್ ಅದ ನೋಡ್ರಿ. ಎಕ್ಸ್‌ದಾಗ ಪ್ರೋಗ್ರಾಂ ಒಂದು ಮಾತು ಕೇಳಿ ಉತ್ತರ ಬರೋ ತನಕ ಕಾಯ್ತದ, ಮತ್ತೊಂದು ಕೇಳ್ತದ. ವಿಂಡೋ ತೆರೆಯೋದಕ್ಕ 300 ಸಲ ಹಂಗ ಹೋಗಿ ಬಂತು, ಪಿಂಗ್ 40 ಮಿಲಿಸೆಕೆಂಡ್ ಅಂತ ಹಿಡೀರಿ: 12 ಸೆಕೆಂಡ್ ಬರೀ ಕಾಯೋದ್ರಾಗ ಹೋತು. ಎಸ್‌ಎಸ್‌ಎಚ್‌ಗೆ ಡ್ಯಾಶ್ ದೊಡ್ಡ ಸಿ ಕೊಟ್ಟು ಕಂಪ್ರೆಸ್ ಮಾಡಿದ್ರೂ ಈ ಕಾಯೋದು ಕಡಿಮಿ ಆಗೂದಿಲ್ಲ.

ಎಕ್ಸ್‌ಪ್ರಾ ಹಾಕಿಸ್ಕೊಳ್ರಿ, ಎರಡೂ ಕಡೆ ಬೇಕು. ಅದು ದೂರದ ಯಂತ್ರದಾಗನ ಒಂದು ಎಕ್ಸ್ ಸರ್ವರ್ ನಡಸ್ತದ, ಆ ಹೋಗಿ ಬರೋ ಮಾತೆಲ್ಲ ಅಲ್ಲೇ ಮುಗೀತಾವ, ನಿಮಗ ಬರೋದು ಚಿತ್ರ ಅಷ್ಟ. ‘ಎಕ್ಸ್‌ಪ್ರಾ ಸ್ಟಾರ್ಟ್’ಗೆ ಎಸ್‌ಎಸ್‌ಎಚ್ ವಿಳಾಸ, ಜೋಡಿ ‘ಡ್ಯಾಶ್ ಡ್ಯಾಶ್ ಸ್ಟಾರ್ಟ್’ ಆಪ್ಷನ್‌ದಾಗ ಪ್ರೋಗ್ರಾಂ ಹೆಸರು ಕೊಡ್ರಿ. ಕರೆಂಟ್ ಹೋಗಿ ನೆಟ್ ಕಡಿದ್ರೂ ಪ್ರೋಗ್ರಾಂ ಅಲ್ಲಿ ಜೀವಂತ ಇರ್ತದ, ‘ಅಟ್ಯಾಚ್’ ಮಾಡಿದ್ರ ಬಿಟ್ಟಲ್ಲಿಂದ ಸಿಗ್ತದ. ಪೂರ್ತಿ ಡೆಸ್ಕ್‌ಟಾಪ್ ಬೇಕಂದ್ರ ಟೈಗರ್‌ವಿಎನ್‌ಸಿ. ಅದರ ಪೋರ್ಟ್ 5900 ಕೂಡಿಸು ಡಿಸ್‌ಪ್ಲೇ ಸಂಖ್ಯೆ. ಡಿಸ್‌ಪ್ಲೇ 1 ಇದ್ರ 5901. ಅದನ್ನ ಹೊರಗ ತೆರೀಬ್ಯಾಡ್ರಿ, ಎಸ್‌ಎಸ್‌ಎಚ್ ಡ್ಯಾಶ್ ದೊಡ್ಡ ಎಲ್ ಟನಲ್ ಒಳಗನ ಹಾಯಿಸ್ರಿ.

ವಿಂಡೋನ ಬ್ಯಾಡ, ಬರೀ ಚಿತ್ರ ಸಾಕು ಅನ್ನೋರು ಗ್ರೇಸ್‌ಬ್ಯಾಟ್ ಬಳಸ್ರಿ: ‘ಎಚ್‌ಡಿವೈಸ್’ ಪಿಎನ್‌ಜಿ, ‘ಪ್ರಿಂಟ್‌ಫೈಲ್’ ಹೆಸರು ಕೊಟ್ಟ್ರ ಡಿಸ್‌ಪ್ಲೇ ಇಲ್ಲದನ ಫೈಲ್ ಬರ್ತದ. ಡಿಸ್‌ಪ್ಲೇ ಇಲ್ಲದ ಓಡದ ಬ್ಯಾರೆ ಪ್ರೋಗ್ರಾಂಗೆ ‘ಎಕ್ಸ್‌ವಿಎಫ್‌ಬಿ-ರನ್ ಡ್ಯಾಶ್ ಎ’ ಮುಂದ ಹಚ್ಚಿದ್ರ ಆತು.

ಹೊಸಗೆರೆ:
ಗ್ನುಪ್ಲಾಟ್‌ನಲ್ಲಿ ‘ಒತ್ತಡ’ ಸರಿಯಾಗಿ ಬಂತು, ಎಲ್ಲರಿಗೂ ವಂದನೆಗಳು. ಇವತ್ತು ಟಿಮಕ್ಸ್ (ಲಾಗ್‌ಔಟ್ ಆದರೂ ಟರ್ಮಿನಲ್ ಉಳಿಸುವ ಪ್ರೋಗ್ರಾಂ) ಒಳಗಿಂದ ಗ್ರೇಸ್ ಕೊಟ್ಟರೆ ಮತ್ತೆ ‘ಕಾಂಟ್ ಓಪನ್ ಡಿಸ್‌ಪ್ಲೇ’, ಹೊರಗೆ ಸರಿ ಇದೆ.

ತುಂಗಾತೀರ:
ಟಿಮಕ್ಸ್ ಒಳಗಿನ ಶೆಲ್ ನಿನ್ನೆಯ ಲಾಗಿನ್‌ನ ಡಿಸ್‌ಪ್ಲೇ ಸಂಖ್ಯೆಯನ್ನೇ ಹಿಡಿದು ಕೂತಿದೆ. ಆ ಸಂಪರ್ಕ ಮುಗಿದುಹೋಗಿದೆ. ಟಿಮಕ್ಸ್ ಡಿಟ್ಯಾಚ್ ಮಾಡಿ ಇವತ್ತಿನ ಲಾಗಿನ್‌ನಿಂದ ಅಟ್ಯಾಚ್ ಆಗಿ, ಹೊಸ ಪೇನ್ ತೆರೆಯಿರಿ. ಅಟ್ಯಾಚ್ ಆಗುವಾಗ ಟಿಮಕ್ಸ್ ಡಿಸ್‌ಪ್ಲೇಯನ್ನು ನವೀಕರಿಸಿಕೊಳ್ಳುತ್ತದೆ, ಆದರೆ ಹೊಸ ಪೇನ್‌ಗಳಿಗೆ ಮಾತ್ರ. ಹಳೆಯ ಪೇನ್‌ನಲ್ಲೇ ಬೇಕೆಂದರೆ ‘ಟಿಮಕ್ಸ್ ಶೋ-ಎನ್ವಿರಾನ್‌ಮೆಂಟ್ ಡಿಸ್‌ಪ್ಲೇ’ ತೋರಿಸಿದ ಸಾಲನ್ನು ಎಕ್ಸ್‌ಪೋರ್ಟ್ ಮಾಡಿ. ಬ್ಯಾಷ್‌ಆರ್‌ಸಿಗೆ ಮಾತ್ರ ಬರೆಯಬೇಡಿ, ನಾಳೆ ಸಂಖ್ಯೆ 11 ಆಗಿರಬಹುದು.